ಎರಡು ಸಾವಿರ ಹಿತ್ತಿಲುಗಳ ಹಣ್ಣು



ಮಾವಿನ ಕಾಲದಲ್ಲಿ ನಮ್ಮೆಲ್ಲರಿಗೂ ಆಗುವ ಒಂದು ಅನುಭವದಿಂದ ಇವತ್ತಿನ ಮಾತು ಶುರು ಮಾಡೋಣ. ಹಣ್ಣು ಮೇಲಿನಿಂದ ನೋಡಲು ಚೆನ್ನಾಗಿರುತ್ತದೆ. ಬಣ್ಣ ಬಂದಿರುತ್ತದೆ, ಪರಿಮಳ ಮನೆಯನ್ನೆಲ್ಲ ತುಂಬಿರುತ್ತದೆ. ಕೊಯ್ದು ನೋಡಿದರೆ ಒಳಗೆ ಬೆಳ್ಳಗಿನ ಹುಳುಗಳು ಮಿಜಿಮಿಜಿ ಎನ್ನುತ್ತವೆ. ಮುಂಬಯಿಯ ಆಪೂಸ್ ಆಗಲಿ, ಹೈದರಾಬಾದಿನ ಬೇನಿಶಾನ್ ಆಗಲಿ, ಈ ವಿಷಯದಲ್ಲಿ ಭೇದವಿಲ್ಲ. ನಾವು 'ಅಯ್ಯೋ' ಎಂದು ಆ ಹಣ್ಣನ್ನು ಕಸದ ಬುಟ್ಟಿಗೆ ಹಾಕಿ ಇನ್ನೊಂದನ್ನು ಕೊಯ್ಯುತ್ತೇವೆ. ಅಲ್ಲಿಗೆ ಕಥೆ ಮುಗಿಯಿತು.

ಆದರೆ ಇದೇ ಹುಳುವಿನ ಸಲುವಾಗಿ, ನಮ್ಮಿಂದ ಸಾವಿರಾರು ಮೈಲಿ ದೂರದ ಒಂದು ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಹಿತ್ತಿಲಿನಲ್ಲಿದ್ದ ಹಣ್ಣನ್ನೆಲ್ಲ ಸರ್ಕಾರವೇ ಬಂದು ಕಿತ್ತುಕೊಂಡು ಹೋಯಿತು. ಹುಳು ಬಿದ್ದ ಹಣ್ಣನ್ನು ಮಾತ್ರವಲ್ಲ, ಚೆನ್ನಾಗಿದ್ದ ಹಣ್ಣನ್ನೂ ಬಿಡಲಿಲ್ಲ. ಅದು ಏಕೆ, ಹೇಗೆ, ಅದರಿಂದ ಫಲ ಸಿಕ್ಕಿತೇ ಎಂಬುದು ಇಂದಿನ ವಿಷಯ. ಇದರಲ್ಲಿ ನಮಗೇನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಆ ನೊಣ ನಮ್ಮ ಕಡೆಯದು.

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳೋಣ. ಅಡುಗೆಮನೆಯಲ್ಲಿ ಮಾಗಿದ ಬಾಳೆಹಣ್ಣಿನ ಸುತ್ತ ಪುರ್ ಎಂದು ಹಾರುವ ಸಣ್ಣ ನುಸಿಗಳಿವೆಯಲ್ಲ, ಅವು ಬೇರೆ. ಅವು ಕೊಳೆಯಲು ಶುರುವಾದ ಹಣ್ಣಿಗೆ ಬರುತ್ತವೆ. ನಾವು ಮಾತನಾಡುತ್ತಿರುವ ಹಣ್ಣಿನ ನೊಣ ಸುಮಾರು ಮನೆನೊಣದಷ್ಟು ದೊಡ್ಡದು, ಮೈಮೇಲೆ ಹಳದಿ-ಕಪ್ಪು ಗುರುತುಗಳು. ಇದರ ಶಾಸ್ತ್ರೀಯ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಇಂಗ್ಲಿಷಿನವರು ಇದನ್ನು ಓರಿಯೆಂಟಲ್ ಫ್ರೂಟ್ ಫ್ಲೈ, ಅಂದರೆ ಪೂರ್ವದೇಶದ ಹಣ್ಣಿನ ನೊಣ ಎನ್ನುತ್ತಾರೆ. ಇದು ಏಷ್ಯಾದ ಮೂಲನಿವಾಸಿ. ಮಾವು, ಸೀಬೆ, ಕಿತ್ತಳೆ ಎಂದು ಶುರುವಾಗಿ 230ಕ್ಕೂ ಹೆಚ್ಚು ಬಗೆಯ ಹಣ್ಣು ತರಕಾರಿಗಳ ಮೇಲೆ ಇದರ ಕಣ್ಣು.

ಇದರ ಕೆಲಸದ ರೀತಿ ಹೀಗೆ. ಹೆಣ್ಣು ನೊಣದ ಹಿಂಭಾಗದಲ್ಲಿ ಸೂಜಿಯಂಥ ಅಂಗವಿದೆ. ಅದರಿಂದ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಗುರುತು ಎಷ್ಟು ಸಣ್ಣದೆಂದರೆ ನಮ್ಮ ಕಣ್ಣಿಗೆ ಬೀಳುವುದೇ ಕಷ್ಟ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಹುಳುಗಳು ತಿರುಳನ್ನು ತಿನ್ನತೊಡಗುತ್ತವೆ. ಬಲಿತ ಮೇಲೆ ಹಣ್ಣಿನಿಂದ ಹೊರಬಿದ್ದು ಮಣ್ಣಿನೊಳಗೆ ಸೇರಿ ಕೋಶ ಕಟ್ಟಿಕೊಳ್ಳುತ್ತವೆ. ಬೆಚ್ಚಗಿನ ದಿನಗಳಲ್ಲಾದರೆ ಕೆಲವೇ ವಾರಗಳಲ್ಲಿ ಹೊಸ ನೊಣ ಹಾರಿಬರುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅಂದರೆ ಹಣ್ಣು, ಮಣ್ಣು, ಗಾಳಿ ಮೂರೂ ಇದರ ಮನೆ. ಹಾರುವ ನೊಣವನ್ನು ಕೊಂದರೂ ಹಣ್ಣಿನೊಳಗೆ ಮರಿಗಳಿರುತ್ತವೆ. ಹಣ್ಣನ್ನು ಎಸೆದರೂ ಮಣ್ಣಿನಲ್ಲಿ ಕೋಶಗಳಿರುತ್ತವೆ. ಕಷ್ಟವಿರುವುದು ಇಲ್ಲೇ.

ಈಗ ಆ ಊರಿಗೆ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಸ್ಯಾನ್ ಬರ್ನಾರ್ಡಿನೋ ಕೌಂಟಿಯಲ್ಲಿ ರೆಡ್‌ಲ್ಯಾಂಡ್ಸ್ ಎಂಬ ಊರಿದೆ. ಕೆಂಪು ಮಣ್ಣಿನ ಊರು ಎಂದೇ ಹೆಸರಿನ ಅರ್ಥ. ಈ ಸೀಮೆ ಕಿತ್ತಳೆಗೆ ಪ್ರಸಿದ್ಧ. ಪಕ್ಕದ ರಿವರ್‌ಸೈಡ್‌ನಲ್ಲಿ 1873ರಲ್ಲಿ ಎಲೈಜಾ ಟಿಬೆಟ್ಸ್ ಎಂಬ ಮಹಿಳೆ, ಬ್ರೆಜಿಲ್ ಮೂಲದ ಬೀಜವಿಲ್ಲದ ನೇವಲ್ ಕಿತ್ತಳೆಯ ಸಸಿಗಳನ್ನು ತರಿಸಿ ನೆಟ್ಟರು. ಅದರ ಕಸಿಗಳಿಂದಲೇ ದಕ್ಷಿಣ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಬೆಳೆದವು. ಮೂಲ ಮರಗಳಲ್ಲಿ ಒಂದು ಇಂದಿಗೂ ರಿವರ್‌ಸೈಡ್‌ನಲ್ಲಿದೆ. ನಮ್ಮಲ್ಲಿ ಮನೆಯಂಗಳದಲ್ಲಿ ತೆಂಗು, ಕರಿಬೇವು ಇರುವಂತೆ ರೆಡ್‌ಲ್ಯಾಂಡ್ಸ್‌ನಲ್ಲಿ ಮನೆಮನೆಯಲ್ಲೂ ಕಿತ್ತಳೆ, ನಿಂಬೆ, ಚಕ್ಕೋತದ ಜಾತಿಯ ಮರಗಳು.

2023ನೆಯ ಇಸವಿ ಕ್ಯಾಲಿಫೋರ್ನಿಯಾದ ಪಾಲಿಗೆ ಹಣ್ಣಿನ ನೊಣಗಳ ವರ್ಷ. ಒಂದು ಕಡೆ ಕ್ವೀನ್ಸ್‌ಲ್ಯಾಂಡ್ ನೊಣ, ಇನ್ನೊಂದು ಕಡೆ ಮೆಡಿಟರೇನಿಯನ್ ನೊಣ, ಲಾಸ್ ಏಂಜಲೀಸ್ ಕೌಂಟಿಯ ಸ್ಟೀವನ್‌ಸನ್ ರಾಂಚ್ ಎಂಬಲ್ಲಿ ಟೌ ನೊಣ, ಹಲವು ಕೌಂಟಿಗಳಲ್ಲಿ ನಮ್ಮ ಈ ಪೂರ್ವದೇಶದ ನೊಣ. ಇಷ್ಟು ಬಗೆಗಳು ಒಟ್ಟೊಟ್ಟಿಗೆ ಇಷ್ಟು ಜಾಗಗಳಲ್ಲಿ ಬಂದದ್ದು ಹಿಂದೆ ಇರಲಿಲ್ಲ. ಅದರಲ್ಲೂ ರೆಡ್‌ಲ್ಯಾಂಡ್ಸ್‌ನಲ್ಲಿ ಪೂರ್ವದೇಶದ ನೊಣ ಗಟ್ಟಿಯಾಗಿ ಬೇರುಬಿಟ್ಟಿತು. ಬಲೆಗಳಿಗೆ ಮೇಲಿಂದ ಮೇಲೆ ನೊಣ ಬೀಳತೊಡಗಿತು, ಹಿತ್ತಿಲಿನ ಹಣ್ಣಿನಲ್ಲಿ ಹುಳುಗಳೂ ಸಿಕ್ಕವು.

ಈ ನೊಣಕ್ಕೆ ಹಾಕುವ ಬಲೆಯ ಕಥೆಯನ್ನು ಹೇಳಲೇಬೇಕು, ಏಕೆಂದರೆ ಅದರ ಮೂಲ ನಮ್ಮ ದೇಶದಲ್ಲಿದೆ. ಬಿಹಾರದ ಪೂಸಾ ಎಂಬ ಊರಿನಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರಿದ್ದರು. ಸೊಳ್ಳೆ ಓಡಿಸಲೆಂದು ಬಳಸುವ ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಹಣ್ಣಿನ ನೊಣಗಳು ಬಂದು ಮುತ್ತುತ್ತವೆ, ಹಾಗೆ ಬರುವವು ಗಂಡುಗಳು ಎಂಬುದನ್ನು ಅವರು 1912ರಲ್ಲಿ ಪ್ರಕಟಿಸಿದರು. ಆ ಎಣ್ಣೆಯಲ್ಲಿ ಇವುಗಳನ್ನು ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂಬುದು 1915ರ ಹೊತ್ತಿಗೆ ಅವರಿಗೆ ಗೊತ್ತಾಯಿತು. 1934ರ ಬಿಹಾರದ ಭೂಕಂಪದಲ್ಲಿ ಪೂಸಾದ ಕಟ್ಟಡಗಳು ಹಾಳಾಗಿ ಆ ಸಂಸ್ಥೆ ದೆಹಲಿಗೆ ಬಂತು. ದೆಹಲಿಯ ಕೇಳುಗರಿಗೆ ಪೂಸಾ ಎಂಬ ಹೆಸರು ಪರಿಚಿತವೇ. ಇನ್ನೊಂದು ಸ್ವಾರಸ್ಯ: ಇದೇ ಮೀಥೈಲ್ ಯೂಜಿನಾಲ್ ನಮ್ಮ ಬೃಂದಾವನದ ತುಳಸಿಯಲ್ಲೂ ಇದೆ. ತುಳಸಿ ಎಲೆ ಅರೆದ ರಸವನ್ನಿಟ್ಟು ಹಣ್ಣಿನ ನೊಣ ಹಿಡಿಯುವ ರೈತರು ನಮ್ಮಲ್ಲಿದ್ದಾರೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಾವಿನ ತೋಟಗಳಿಗೆ ಹೇಳುವ ಮೋಹಕ ಬಲೆಯಲ್ಲಿರುವುದೂ ಇದೇ ವಸ್ತು.

ಕ್ಯಾಲಿಫೋರ್ನಿಯಾದವರು ಮಾಡುವುದೂ ಇದನ್ನೇ. ಮೀಥೈಲ್ ಯೂಜಿನಾಲ್ ಜೊತೆಗೆ ತುಸು ಕೀಟನಾಶಕ ಬೆರೆಸಿ, ಬೀದಿಯ ಕಂಬಗಳಿಗೆ, ಮರಗಳಿಗೆ, ಎಂಟು ಹತ್ತು ಅಡಿ ಎತ್ತರದಲ್ಲಿ ಸ್ವಲ್ಪ ಸ್ವಲ್ಪ ಬಳಿಯುತ್ತಾರೆ. ಗಂಡು ನೊಣಗಳು ಹುಡುಕಿಕೊಂಡು ಬಂದು ನೆಕ್ಕಿ ಸಾಯುತ್ತವೆ. ಗಂಡಿಲ್ಲದ ಮೇಲೆ ಹೆಣ್ಣು ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ, ವಂಶ ನಿಲ್ಲುತ್ತದೆ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ಎಂಬ ದ್ವೀಪದಲ್ಲಿ ಈ ಉಪಾಯದಿಂದಲೇ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. ಜಪಾನಿನವರು ತಮ್ಮ ದಕ್ಷಿಣದ ದ್ವೀಪಗಳಲ್ಲಿ ವರ್ಷಗಟ್ಟಲೆ ದುಡಿದು 1986ರ ಹೊತ್ತಿಗೆ ಗೆದ್ದರು. ಕ್ಯಾಲಿಫೋರ್ನಿಯಾದಲ್ಲೂ ಎಷ್ಟೋ ಸಲ ಇಷ್ಟರಿಂದಲೇ ಕೆಲಸ ಆಗಿದೆ.

ರೆಡ್‌ಲ್ಯಾಂಡ್ಸ್‌ನಲ್ಲಿ ಮಾತ್ರ ಇಷ್ಟು ಸಾಕಾಗಲಿಲ್ಲ. ನೊಣಗಳ ಸಂಖ್ಯೆ ಹೆಚ್ಚಾದಾಗ ಬಲೆಗೆ ಸಿಗದೆ ತಪ್ಪಿಸಿಕೊಂಡ ಕೆಲವೇ ಗಂಡುಗಳು ಸಾಕು, ಸಂತಾನ ಮುಂದುವರಿಯಲು. ಆಗ ಉಳಿದದ್ದು ಒಂದೇ ದಾರಿ, ತೊಟ್ಟಿಲನ್ನೇ ತೆಗೆದುಬಿಡುವುದು. ಇಡಲು ಹಣ್ಣೇ ಇಲ್ಲದಿದ್ದರೆ ಹೆಣ್ಣು ಮೊಟ್ಟೆ ಎಲ್ಲಿಟ್ಟೀತು? 2024ರ ಜನವರಿಯಲ್ಲಿ ರಾಜ್ಯದ ಆಹಾರ ಮತ್ತು ಕೃಷಿ ಇಲಾಖೆ ಪ್ರಕಟಣೆ ಹೊರಡಿಸಿತು. ಊರಿನ ಒಂದು ಭಾಗದಲ್ಲಿ ಗಡಿ ಗುರುತಿಸಿ, ಅದರೊಳಗಿನ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಮರಗಳಿಂದ ಹಣ್ಣನ್ನೆಲ್ಲ ತೆಗೆಯುವುದಾಗಿ ತಿಳಿಸಿತು. ಇದು ಕಡ್ಡಾಯ. ಮರಗಳನ್ನು ಕಡಿಯುವುದಿಲ್ಲ, ಹಣ್ಣು ಮಾತ್ರ ತೆಗೆಯುವುದು. ಮನೆಯವರಿಗೆ ಮೊದಲೇ ನೋಟಿಸು ಹೋಯಿತು. ಆಮೇಲೆ ಸಿಬ್ಬಂದಿಯ ತಂಡಗಳು ಏಣಿ, ಚೀಲ ಹಿಡಿದು ಹಿತ್ತಿಲಿನಿಂದ ಹಿತ್ತಿಲಿಗೆ ಹೋದವು. ಕಾಲವನ್ನೂ ಲೆಕ್ಕ ಹಾಕಿಯೇ ಆರಿಸಿದ್ದರು. ಚಳಿಯಲ್ಲಿ ನೊಣದ ಬೆಳವಣಿಗೆ ನಿಧಾನ. ಬಿಸಿಲು ಏರುವ ಮೊದಲೇ ಹಣ್ಣು ಖಾಲಿಯಾಗಬೇಕು. ಆದರೆ ಚಳಿಗಾಲವೆಂದರೆ ನೇವಲ್ ಕಿತ್ತಳೆ ಮರತುಂಬ ಹಣ್ಣಾಗಿ ತೂಗುವ ಕಾಲವೂ ಹೌದು!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಮ್ಮ ಊರಿನ ಮನೆಯ ಹಿತ್ತಿಲಿನಲ್ಲಿ ಅಜ್ಜ ನೆಟ್ಟ ಮಾವಿನ ಮರ ಇದೆ ಎಂದುಕೊಳ್ಳಿ. ಕಾಯಿ ಬಲಿತಿದೆ. ಸರ್ಕಾರದವರು ಬಂದು 'ಒಂದನ್ನೂ ಬಿಡುವಂತಿಲ್ಲ' ಎನ್ನುತ್ತಾರೆ. 'ನನ್ನ ಹಣ್ಣಿನಲ್ಲಿ ಹುಳು ಇಲ್ಲವಲ್ಲ, ನೋಡಿ' ಎಂದು ನಾವು ಹೇಳುವುದಿಲ್ಲವೇ? ಆದರೆ ಕಣ್ಣಿಗೆ ಹುಳು ಕಾಣದ ಹಣ್ಣಿನಲ್ಲಿ ಮೊಟ್ಟೆ ಇಲ್ಲವೆಂದು ಯಾರು ಹೇಳಬಲ್ಲರು? ತೊಂಬತ್ತೊಂಬತ್ತು ಮನೆಯವರು ಕೊಟ್ಟು ಒಬ್ಬರು ಬಚ್ಚಿಟ್ಟರೆ ಆ ಒಂದು ಮನೆಯಿಂದ ಮತ್ತೆ ಎಲ್ಲ ಶುರುವಾಗುತ್ತದೆ. ಕೊಟ್ಟವರ ನಷ್ಟ ವ್ಯರ್ಥ. ಮನೆಯ ಕಸವನ್ನು ನಾವು ಒಬ್ಬೊಬ್ಬರೇ ಗುಡಿಸಿಕೊಳ್ಳಬಹುದು. ನೊಣಕ್ಕೆ ಬೇಲಿಯೂ ಇಲ್ಲ, ಕಾಂಪೌಂಡೂ ಇಲ್ಲ. ಅದನ್ನು ಎಲ್ಲರೂ ಸೇರಿಯೇ ಗುಡಿಸಬೇಕು.

ಹಣ್ಣು ತೆಗೆದರೆ ಮುಗಿಯಲಿಲ್ಲ. ನಿರ್ಬಂಧಿತ ಪ್ರದೇಶದ ಜನರಿಗೆ ನಿಯಮಗಳಿದ್ದವು. ಹಿತ್ತಿಲಿನ ಹಣ್ಣನ್ನು ಹೊರಗೆ ಸಾಗಿಸಬಾರದು. ನೆಂಟರಿಗೆ, ನೆರೆಯವರಿಗೆ ಕೊಡುವಂತಿಲ್ಲ. ಉದುರಿದ ಹಣ್ಣನ್ನು ಹಸಿರು ಕಸದ ಡಬ್ಬಿಗೆ ಅಥವಾ ಗೊಬ್ಬರದ ಗುಂಡಿಗೆ ಹಾಕದೆ, ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇರೆ ಕಸದ ಜೊತೆ ಹಾಕಬೇಕು. ಗೊಬ್ಬರದ ಗುಂಡಿ ನಮಗೆ ಪುಣ್ಯದ ಕೆಲಸದಂತೆ ಕಂಡರೂ ಹುಳುವಿಗೆ ಅದು ಬೆಚ್ಚಗಿನ ಬಾಣಂತಿ ಕೋಣೆ.

ಆಮೇಲೆ ಕಾಯುವ ಕೆಲಸ. ಕೊನೆಯ ನೊಣ ಸಿಕ್ಕ ಮೇಲೆ ಅದರ ಮೂರು ತಲೆಮಾರಿನಷ್ಟು ಕಾಲ ಒಂದೂ ಸಿಗದಿದ್ದರೆ ಮಾತ್ರ ನಿರ್ಬಂಧ ತೆಗೆಯುತ್ತಾರೆ. ಈ ತಲೆಮಾರಿನ ಲೆಕ್ಕವನ್ನು ಕ್ಯಾಲೆಂಡರ್ ನೋಡಿ ಹಾಕುವುದಿಲ್ಲ, ಹವೆಯ ಉಷ್ಣತೆ ನೋಡಿ ಹಾಕುತ್ತಾರೆ. ಚಳಿಯಿದ್ದರೆ ತಿಂಗಳುಗಳು ಹೆಚ್ಚು. ಕೊನೆಗೆ 2024ರ ಆಗಸ್ಟ್‌ನಲ್ಲಿ ಆ ವರ್ಷದ ಎಲ್ಲ ಹಣ್ಣಿನ ನೊಣಗಳ ನಿರ್ಬಂಧಗಳೂ ಮುಗಿದವು, ರೆಡ್‌ಲ್ಯಾಂಡ್ಸ್ ಸಹ ಮುಕ್ತವಾಯಿತು ಎಂದು ಅಧಿಕಾರಿಗಳು ಘೋಷಿಸಿದರು.

ಹಿಂದೆ ಇದೇ ರಾಜ್ಯದಲ್ಲಿ ಇದೇ ಬಗೆಯ ಕೆಲಸ ಹೇಗೆ ನಡೆದಿತ್ತು ಎಂಬುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1980ರಲ್ಲಿ ಸಾಂತಾ ಕ್ಲಾರಾ ಕಣಿವೆಯಲ್ಲಿ, ಅಂದರೆ ಇಂದು ನಮ್ಮ ಎಷ್ಟೋ ಮಕ್ಕಳು ಕೆಲಸ ಮಾಡುವ ಸಿಲಿಕಾನ್ ಕಣಿವೆಯಲ್ಲಿ, ಮೆಡಿಟರೇನಿಯನ್ ನೊಣ ಕಾಣಿಸಿಕೊಂಡಿತು. ಗವರ್ನರ್ ಜೆರ್ರಿ ಬ್ರೌನ್ ಮೊದಲು ಆಕಾಶದಿಂದ ಔಷಧ ಸಿಂಪಡಿಸಲು ಒಪ್ಪಲಿಲ್ಲ. ಕೇಂದ್ರ ಸರ್ಕಾರ ರಾಜ್ಯದ ಹಣ್ಣಿಗೇ ನಿಷೇಧ ಹಾಕುವ ಬೆದರಿಕೆ ಒಡ್ಡಿದಾಗ 1981ರ ಜುಲೈಯಲ್ಲಿ ಒಪ್ಪಬೇಕಾಯಿತು. ರಾತ್ರಿ ಹೊತ್ತು ಮನೆಗಳ ಮೇಲೆ ಹೆಲಿಕಾಪ್ಟರ್‌ಗಳು ಹಾರಿ ಮೆಲಥಿಯಾನ್ ಸಿಂಪಡಿಸಿದವು. ಜನ ಹೆದರಿದರು, ಸಿಟ್ಟಾದರು. ಇದು ಅಪಾಯವಲ್ಲವೆಂದು ತೋರಿಸಲು ಬಿ. ಟಿ. ಕಾಲಿನ್ಸ್ ಎಂಬ ಅಧಿಕಾರಿ ನೀರು ಬೆರೆಸಿದ ಮೆಲಥಿಯಾನನ್ನು ಎಲ್ಲರೆದುರು ಕುಡಿದುಬಿಟ್ಟರು! 1982ರಲ್ಲಿ ನೊಣ ಹೋಯಿತೆಂದು ಘೋಷಣೆಯಾಯಿತು, ಆದರೆ ಜನರ ಮನಸ್ಸಿನಲ್ಲಿ ಕಹಿ ಉಳಿಯಿತು.

ಆ ಪಾಠ ಅವರು ಕಲಿತರು. ಮೆಡಿಟರೇನಿಯನ್ ನೊಣಕ್ಕೆ ಈಗ ಬೇರೆ ದಾರಿ ಇದೆ. ಗಂಡು ನೊಣಗಳನ್ನು ಕೋಟಿಗಟ್ಟಲೆ ಸಾಕಿ, ವಿಕಿರಣದಿಂದ ಬಂಜೆ ಮಾಡಿ, ವಿಮಾನದಿಂದ ಬಿಡುತ್ತಾರೆ. ಇವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗುವುದಿಲ್ಲ. ಲಾಸ್ ಏಂಜಲೀಸ್ ಪ್ರದೇಶದಲ್ಲಿ 1990ರ ದಶಕದಿಂದ ನೊಣ ಬರಲಿ ಬಿಡಲಿ, ಮುನ್ನೆಚ್ಚರಿಕೆಯಾಗಿ ಹೀಗೆ ಬಿಡುತ್ತಲೇ ಬಂದಿದ್ದಾರೆ. ರೆಡ್‌ಲ್ಯಾಂಡ್ಸ್‌ನಲ್ಲಿ ಆಕಾಶದಿಂದ ಏನನ್ನೂ ಸುರಿಯದೆ ಕೈಯಿಂದ ಹಣ್ಣು ಕಿತ್ತರು. ಖರ್ಚು, ಶ್ರಮ ಹೆಚ್ಚು. ಮನೆಬಾಗಿಲಿಗೆ ಬಂದು ವಿವರಿಸಿ ಹೇಳುವ ತಾಳ್ಮೆಯೂ ಬೇಕು. ಆದರೆ ಜನ ಜೊತೆಗೆ ಬರುವುದು ಹೀಗೆಯೇ.

ಎಲ್ಲರೂ ಇದನ್ನು ಪೂರ್ಣ ಜಯವೆಂದು ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಕೀಟಶಾಸ್ತ್ರಜ್ಞ ಜೇಮ್ಸ್ ಕೇರಿ ಮತ್ತು ಅವರ ಸಂಗಡಿಗರು 2013ರ ಒಂದು ಲೇಖನದಲ್ಲಿ ಬೇರೆ ವಾದ ಮುಂದಿಟ್ಟರು. ಹಲವು ಜಾತಿಯ ಹಣ್ಣಿನ ನೊಣಗಳು ಈ ರಾಜ್ಯದಲ್ಲಿ ಆಗಲೇ ನೆಲೆಸಿಬಿಟ್ಟಿವೆ. ಬಲೆಗೆ ಬೀಳದಷ್ಟು ಕಡಿಮೆ ಸಂಖ್ಯೆಯಲ್ಲಿ ಅಡಗಿದ್ದು ಆಗಾಗ ತಲೆಯೆತ್ತುತ್ತವೆ ಎಂಬುದು ಅವರ ಅಭಿಪ್ರಾಯ. ಸರ್ಕಾರದವರು ಇದನ್ನು ಒಪ್ಪುವುದಿಲ್ಲ, ಪ್ರತಿಸಲವೂ ಹೊಸದಾಗಿ ಹೊರಗಿನಿಂದ ಬರುತ್ತಿವೆ ಎನ್ನುತ್ತಾರೆ. 2024ರ ಘೋಷಣೆಯ ಆಮೇಲೂ ಆ ರಾಜ್ಯದ ಬೇರೆ ಊರುಗಳಲ್ಲಿ ಹಣ್ಣಿನ ನೊಣಗಳು ಸಿಕ್ಕಿರುವುದು ನಿಜ. ವಾದ ಯಾರದ್ದೇ ಸರಿಯಿರಲಿ, ಕೈಕಟ್ಟಿ ಕೂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕಡೆಗೇ ನೋಡಿದರೆ ಸಾಕು.

ನಮ್ಮಲ್ಲಿ ಈ ನೊಣ ಎಲ್ಲೆಲ್ಲೂ ಇದೆ. ಇದರ ತವರೇ ಇದು. ಹಾಗಾಗಿ ನಮಗೆ ನಿರ್ಮೂಲನದ ಮಾತಿಲ್ಲ, ಹತೋಟಿಯ ಮಾತಷ್ಟೆ. ಅದರ ಬೆಲೆಯನ್ನೂ ನಾವು ತೆತ್ತಿದ್ದೇವೆ. 2014ರ ಮೇ ತಿಂಗಳಲ್ಲಿ ಯುರೋಪಿನ ಒಕ್ಕೂಟ ಭಾರತದ ಮಾವಿಗೆ, ಅದರ ಜೊತೆ ಬದನೆ, ಹಾಗಲ, ಪಡವಲ, ಕೆಸುವಿಗೂ ಬಾಗಿಲು ಹಾಕಿತು. ಹೋದ ಸರಕಿನಲ್ಲಿ ಹಣ್ಣಿನ ನೊಣ ಮುಂತಾದ ಕೀಟಗಳು ಸಿಕ್ಕಿದ್ದೇ ಕಾರಣ. ಆಪೂಸಿನ ಹಂಗಾಮಿನ ನಡುವೆ ಬಂದ ಈ ಪೆಟ್ಟು ಕೊಂಕಣದ ಬೆಳೆಗಾರರಿಗೂ ನವಿ ಮುಂಬಯಿಯ ವಾಶಿಯ ವ್ಯಾಪಾರಿಗಳಿಗೂ ಇನ್ನೂ ನೆನಪಿರಬಹುದು. ಮಾವಿನ ಮೇಲಿನ ನಿಷೇಧ 2015ರಲ್ಲಿ ತೆರವಾಯಿತು. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸುವಂಥ ಉಪಚಾರಗಳು ಈಗ ರಫ್ತಿಗೆ ಮೊದಲು ನಡೆಯುತ್ತವೆ. ಅಮೆರಿಕಕ್ಕೆ 2007ರಿಂದ ನಮ್ಮ ಮಾವು ಹೋಗುತ್ತಿರುವುದು ವಿಕಿರಣದ ಉಪಚಾರ ಆದ ಮೇಲೆಯೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮಗಳ ಬಾಣಂತನಕ್ಕೆ, ಮಗನ ಮನೆಯ ಗೃಹಪ್ರವೇಶಕ್ಕೆ ಎಂದು ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋಗುವವರು ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ನಾಲ್ಕು ಮಾವಿನ ಹಣ್ಣು, ಒಂದು ಕಟ್ಟು ಕರಿಬೇವು. 'ಮೊಮ್ಮಗು ತಿನ್ನಲಿ' ಎಂಬ ಅಕ್ಕರೆ. ಹೊರದೇಶದ ಹಣ್ಣಿನ ನೊಣಗಳು ಅಲ್ಲಿಗೆ ಬರುವ ಮುಖ್ಯ ದಾರಿ ಪ್ರಯಾಣಿಕರು ತರುವ ಹಣ್ಣು-ತರಕಾರಿಯೇ ಎನ್ನುತ್ತಾರೆ ಅಲ್ಲಿನ ಅಧಿಕಾರಿಗಳು. ಕರಿಬೇವಿನ ಕಥೆಯೂ ಹೀಗೆಯೇ. ಕಿತ್ತಳೆ, ನಿಂಬೆಯ ಮರಗಳನ್ನು ಕೊಲ್ಲುವ ಒಂದು ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನಲ್ಲೂ ಬದುಕುತ್ತದೆ. ಆ ರೋಗ ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಮೊದಲು ಕಾಣಿಸಿದ್ದು ಒಂದು ಮನೆಯ ಹಿತ್ತಿಲಿನ ಮರದಲ್ಲೇ. ಎಲೈಜಾ ಟಿಬೆಟ್ಸ್ ಅವರ ಆ ಹಳೆಯ ಕಿತ್ತಳೆ ಮರವನ್ನು ಇದೇ ಕೀಟದಿಂದ ಕಾಪಾಡಲು ಈಗ ಬಲೆಬಟ್ಟೆಯ ಡೇರೆ ಕಟ್ಟಿ ಒಳಗಿಟ್ಟಿದ್ದಾರೆ.

ಆದ್ದರಿಂದ ಒಂದು ವಿನಂತಿ. ಹಸಿ ಹಣ್ಣು, ಹಸಿ ಎಲೆ, ಸಸಿ, ಮಣ್ಣು ಇವನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಮರೆತು ಬಂದಿದ್ದರೆ ವಿಮಾನ ನಿಲ್ದಾಣದ ಫಾರಂನಲ್ಲಿ ಮುಚ್ಚಿಡದೆ ಹೇಳಿಬಿಡಿ. ಹೇಳಿದರೆ ವಸ್ತು ಹೋಗುತ್ತದೆ ಅಷ್ಟೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಮೊಮ್ಮಗುವಿಗೆ ಊರಿನ ರುಚಿ ಬೇಕೆಂದಿದ್ದರೆ ಉಪ್ಪಿನಕಾಯಿ ಇದೆಯಲ್ಲ. ಅದನ್ನೂ ಫಾರಂನಲ್ಲಿ ಬರೆಯಿರಿ. ಯಾವ ನೊಣದ ಮರಿಯೂ ನಮ್ಮ ಉಪ್ಪಿನಕಾಯಿಯ ಭರಣಿಯಲ್ಲಿ ಬದುಕಲಾರದು!

ಇನ್ನು ನಮ್ಮ ಸೊಸೈಟಿಯ ಆವರಣದಲ್ಲಿ ಮಾವೋ ಸೀಬೆಯೋ ಇದ್ದರೆ ಮಾಡಬಹುದಾದ್ದು ಇಷ್ಟು. ಉದುರಿದ ಹಣ್ಣನ್ನು ಅಲ್ಲೇ ಕೊಳೆಯಲು ಬಿಡಬೇಡಿ. ದಿನವೂ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ, ಒಳಗಿನ ಹುಳು ಸಾಯುತ್ತದೆ. ಆಮೇಲೆ ಗೊಬ್ಬರದ ಗುಂಡಿಗೆ ಹಾಕಿದರೆ ತೊಂದರೆಯಿಲ್ಲ. ಹಣ್ಣು ಪೂರ್ತಿ ಮಾಗುವ ಮೊದಲೇ ಕೀಳಿ. ಮರದ ಬುಡದ ಮಣ್ಣನ್ನು ಆಗಾಗ ಕೆದಕಿದರೆ ಕೋಶಗಳು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತವೆ. ಒಂದು ಮೋಹಕ ಬಲೆ ತೂಗುಹಾಕಿ. ಮುಖ್ಯವಾಗಿ, ಪಕ್ಕದ ಕಟ್ಟಡದವರಿಗೂ ಹೇಳಿ. ಒಂದು ಅಂಗಳದಲ್ಲಿ ಮಾತ್ರ ಮಾಡಿದರೆ ಉಪಯೋಗ ಕಡಿಮೆ.

ರೆಡ್‌ಲ್ಯಾಂಡ್ಸ್‌ನ ಎರಡು ಸಾವಿರ ಮನೆಯವರು ಒಂದು ವರ್ಷದ ಕಿತ್ತಳೆ ಕಳೆದುಕೊಂಡರು. ಆದರೆ ಮರ ಉಳಿಯಿತು. ಮರ ಇದ್ದರೆ ಮುಂದಿನ ಚಳಿಗಾಲಕ್ಕೆ ಹಣ್ಣು ಇದ್ದೇ ಇದೆ. ಊರಿನ ಒಳಿತಿಗಾಗಿ ಒಂದು ಸಲದ ಫಲವನ್ನು ಬಿಟ್ಟುಕೊಡುವುದು ದೊಡ್ಡ ಮಾತು. ಅಷ್ಟು ದೊಡ್ಡದನ್ನು ನಮ್ಮಿಂದ ಯಾರೂ ಕೇಳುತ್ತಿಲ್ಲ. ಸೂಟ್‌ಕೇಸಿನ ಆ ನಾಲ್ಕು ಹಣ್ಣನ್ನು ಮಾತ್ರ ಇಲ್ಲೇ, ಹೊರಡುವ ಮುಂಚೆ, ಮನೆಮಂದಿಯೆಲ್ಲ ಕೂತು ತಿಂದುಬಿಡೋಣ.